ಅತ್ತಿಯ ಎಡಗೈ

ಮೊನ್ನೆ ಮದುವಿ ಮನ್ಯಾಗ ಅಕ್ಕ ಒಬ್ಬಾಕಿ ಎಲ್ಲಾರ ಮುಂದನ ಕೇಳಿಬಿಟ್ಲು, "ಅಲ್ಲವಾ, ಸ್ವಾದರತ್ತೀನ ಆ ಸಿಸ್ಟರುಗಳ ಕೈಯಾಗ ಹೆಂಗ ಬಿಟ್ಟಿ ನೀ? ನಮ್ಮ ಮಂದಿ ಯಾರೂ ಇದ್ದಿದ್ದಿಲ್ಲೇನು?" ಬಾಯಾಗಿನ ಹೋಳಗಿ ಒಳಗ ಇಳೀಲಿಲ್ಲ ನೋಡ್ರಿ. ಆವತ್ತ ಹೇಳಲಾರದ್ದನ್ನ ಇಲ್ಲಿ ಬರದೇನಿ.

ಅತ್ತಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಬೆಂಗಳೂರಿನ ನಮ್ಮ ಎರಡು ಖೋಲಿ ಮನ್ಯಾಗ ಇದ್ಲು. 78ನೇ ವಯಸ್ಸಿಗೆ ಲಕ್ವಾ ಹೊಡದು ಎಡಭಾಗ ಹೋತು. ಎರಡೆರಡು ತಾಸಿಗೊಮ್ಮೆ ಮಗ್ಗಲ ಹೊರಳಿಸಬೇಕು ಅಂದಿದ್ರು ಡಾಕ್ಟರು. ಹಗಲು ನಾ ಕೆಲಸಕ್ಕ ಹೋಗಾಕಿ, ರಾತ್ರಿ ದಣದು ಮಲಗಿದ್ರ ಎಚ್ಚರ ಆಗ್ತಿದ್ದಿಲ್ಲ. ಒಂದಿನ ಮೈ ಒರಸುವಾಗ ಟೊಂಕದ ಕೆಳಗ ರೂಪಾಯಿಯಷ್ಟು ಕೆಂಪಗ ಕಂಡ್ತು. ವಾರದಾಗ ಹುಣ್ಣಾತು. ಖರೇ ಹೇಳ್ತೇನಿ, ಆ ಹುಣ್ಣು ಆಗಿದ್ದು ನಮ್ಮ ಮನ್ಯಾಗ, ನನ್ನ ಕೈಯಾಗ.

ವೃದ್ಧಾಶ್ರಮ ಹುಡುಕಿದ್ವಿ. ಭಾಳ ಕಡೆ "ಎದ್ದು ಓಡಾಡೋರನ್ನಷ್ಟ ತಗೋತೇವ್ರಿ" ಅಂದ್ರು. ಹಾಸಗಿ ಹಿಡದವರನ್ನ ತಗೊಳ್ಳೋ ಕಡೆ ತಿಂಗಳ ರೊಕ್ಕ ನನ್ನ ಪಗಾರಕ್ಕಿಂತ ಜಾಸ್ತಿ. ಕಡೀಕ ಜಾಗ ಕೊಟ್ಟವರು ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಅನ್ನೋ ಪಂಗಡದವರು. 1839ರಾಗ ಫ್ರಾನ್ಸಿನ್ಯಾಗ ಜಾನ್ ಜುಗಾನ್ ಅಂತ ಬಡ ಹೆಣ್ಣಮಗಳೊಬ್ಬಾಕಿ ಕಣ್ಣು ಕಾಣದ ಮುದುಕಿನ್ನ ಮನಿಗೆ ಹೊತಗೊಂಡು ಬಂದು, ತನ್ನ ಹಾಸಗಿ ಆಕಿಗೆ ಕೊಟ್ಟು, ತಾ ಅಟ್ಟದ ಮ್ಯಾಲ ಮಲಗಿದ್ಲಂತ. ಅಲ್ಲಿಂದ ಶುರು ಆಗಿದ್ದಿದು. ಇವತ್ತಿಗೂ ಸಿಸ್ಟರುಗಳು ಮಾರ್ಕೆಟ್ಟಿಗೆ ಹೋಗಿ ಬೇಡಿ ತಂದು ಮುದುಕರನ್ನ ಸಾಕ್ತಾರ. ಕೇಳಿದಾಗ ನನಗ ನಮ್ಮ ಮಠದ ಜೋಳಗಿ ನೆನಪಾತು. ಬಡವರೋ ಅಲ್ಲೋ ಅಂತ ನೋಡ್ತಾರ, ಯಾವ ಜಾತಿ, ಯಾವ ಧರ್ಮ ಅಂತ ನೋಡೂದಿಲ್ಲ.

ಆದ್ರೂ ಒಂದು ಅಂಜಿಕಿ ಇತ್ತು. ಅತ್ತಿ ಕೊರಳಾಗಿನ ಲಿಂಗ ತಗಸ್ತಾರೇನು?

ಮದಲನೇ ರವಿವಾರ ಮುಂಜಾನೆ ಹೋದೆ. ಲಿಂಗ ಎಡಗೈಯಾಗ ಇಟಗೊಂಡು ಪೂಜಿ ಮಾಡಬೇಕಲ್ಲ, ಅತ್ತಿಗೆ ಆ ಎಡಗೈನ ಇಲ್ಲ. ಸಿಸ್ಟರ್ ಒಬ್ಬಾಕಿ ಮಂಚದ ಬಾಜೂಕ ಕುಂತು, ಅತ್ತಿಯ ಎಡಗೈ ಕೆಳಗ ತನ್ನ ಕೈ ಕೊಟ್ಟು ಎತ್ತಿ ಹಿಡದಿದ್ಲು. ಲಿಂಗ ಮುಟ್ಟಲಿಲ್ಲ. ಅತ್ತಿ ಬಲಗೈಲೆ ನೀರು ಹಾಕಿ, ವಿಭೂತಿ ಹಚ್ಚಿ, ಪತ್ರಿ ಏರಿಸಿದ್ಲು. ಮುಗಿಯೋತನಕ ಆ ಕೈ ಅಲುಗಲಿಲ್ಲ. ನಾನು ಬಾಗಲದಾಗ ನಿಂತು ಅತ್ತೆ. ಮನ್ಯಾಗ ನಾಲ್ಕು ತಿಂಗಳು ಅತ್ತಿಗೆ ಪೂಜಿನ ಆಗಿದ್ದಿಲ್ಲ. ನನಗ ಅದು ಹೊಳದೂ ಇದ್ದಿದ್ದಿಲ್ಲ.

ಹುಣ್ಣು ಮಾಯಾಕ ಮೂರು ತಿಂಗಳು ಹಿಡೀತು. ರಾತ್ರಿ ಪಾಳಿಯಾಕಿ ಗಡಿಯಾರ ನೋಡಿ ಹೊರಳಿಸ್ತಿದ್ಲು. ಮುಂದಿನ ವರ್ಷ ಅತ್ತಿ ಹೋದ್ಲು. ಕಡೀ ಎರಡು ರಾತ್ರಿ ಸಿಸ್ಟರುಗಳು ಒಬ್ಬರಾದ ಮ್ಯಾಲ ಒಬ್ಬರು ಬಾಜೂಕ ಕುಂತಿದ್ರು. ಸಾಯೋ ಜೀವನ ಒಂಟಿ ಬಿಡೂದಿಲ್ಲ ಅನ್ನೂದು ಅವರ ಪದ್ಧತಿ. ನಮ್ಮ ಪದ್ಧತಿಯಂಗ ಅಯ್ನಾರನ್ನ ಕರಸಿ ಮಣ್ಣು ಮಾಡಿದ್ವಿ.

ನಿಮಗೂ ಇಂಥಾ ಹೊತ್ತು ಬಂದ್ರ, ಅಲ್ಲಿ ಯಾವ ದೇವರ ಫೋಟೋ ಅದ ಅಂತ ನೋಡೂದಕ್ಕಿಂತ ಮದಲ ಕೇಳ್ರಿ: ರಾತ್ರಿ ಎರಡಕ್ಕ ಯಾರು ಎಚ್ಚರ ಇರ್ತಾರ? ಬೆನ್ನು ಯಾರು ನೋಡ್ತಾರ? ಅವರವರ ಪೂಜಿಗೆ ಅಡ್ಡಿ ಇಲ್ಲೇನು?

ಅಕ್ಕಾ, ನಿನ್ನ ಮ್ಯಾಲ ಸಿಟ್ಟಿಲ್ಲ. ನಿಮ್ಮ ಅತ್ತಿಯವರೂ ಹಾಸಗಿ ಹಿಡದಾರಂತ ಕೇಳಿದೆ. ಇವತ್ತ ಅವರ ಟೊಂಕ, ಹಿಮ್ಮಡ ಒಮ್ಮೆ ನೋಡು. ಕೆಂಪಗ ಕಂಡ್ರ ಡಾಕ್ಟರಿಗೆ ತೋರಿಸು, ಆಮ್ಯಾಲ ನನಗ ಫೋನ್ ಮಾಡು.