ಹೊಲಿಯದೆ ಉಳಿದ ಮೂಲೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯ ನಡುವೆ ಇರುವ ಮಸ್ಕಿಯ ಹೆಸರನ್ನು ವಿದ್ವಾಂಸರೆಲ್ಲರೂ ಬಲ್ಲರು. 1915ರಲ್ಲಿ ಬಂಗಾರದ ನಿಕ್ಷೇಪವನ್ನು ಅರಸುತ್ತ ಬಂದ ಬೀಡನ್ ಎಂಬ ಗಣಿಯ ಎಂಜಿನಿಯರನು ಅಲ್ಲಿಯ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡನು. ಶಾಸನಗಳಲ್ಲಿ ದೇವಾನಾಂಪ್ರಿಯನೆನಿಸಿಕೊಂಡ ಅರಸನು ಅಶೋಕನೇ ಎಂಬುದು ಆ ಬಂಡೆಯಿಂದ ನಿಸ್ಸಂಶಯವಾಯಿತು. ಅದೇ ಊರಿನ ಪಡಸಾಲೆಗಳಲ್ಲಿ ಹೆಂಗಸರು ಮಧ್ಯಾಹ್ನದ ಹೊತ್ತು ಬಟ್ಟೆಯ ಮೇಲೆ ಸೂಜಿಯಿಂದ ಎಳೆಯುವ ಸಾಲುಗಳನ್ನು ಓದಬಂದವರು ವಿರಳ. ಬಂದರೂ ಅವರಿಗೆ ಹಳೆಯ ಪ್ರತಿಗಳು ದೊರೆಯುವ ಸಂಭವ ಕಡಿಮೆ. ಕಲ್ಲಿನ ಬರಹವು ಎರಡು ಸಾವಿರ ವರ್ಷಗಳನ್ನು ಮೀರಿ ಉಳಿಯಿತು. ಕೌದಿಯಾದರೋ ಹೊದೆಯುವವರ ಮೈಗೆ ತಿಕ್ಕಿ ತಿಕ್ಕಿ ಸವೆದು, ಹೊದಿಕೆಯಾಗಿದ್ದುದು ಹಾಸಿಗೆಯಾಗಿ, ಹಾಸಿಗೆಯಾಗಿದ್ದುದು ಬಂಡಿಯಲ್ಲಿ ಕುಳಿತುಕೊಳ್ಳುವ ಮೆತ್ತೆಯಾಗಿ, ಕೊನೆಗೆ ಚಳಿಗಾಲದಲ್ಲಿ ಎತ್ತಿನ ಬೆನ್ನಿನ ಮೇಲೆ ಬಿದ್ದು ಮುಗಿದುಹೋಗುತ್ತದೆ.

ಕೌದಿಯೆಂದರೇನೆಂದು ಈ ಸೀಮೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ. ಸಂಸ್ಕೃತದಲ್ಲಿ ಇದಕ್ಕೆ ಕಂಥಾ ಎಂದು ಹೆಸರು. ಭರ್ತೃಹರಿಯ ವೈರಾಗ್ಯಶತಕವನ್ನು ಓದಿದವರಿಗೆ ಆ ಶಬ್ದದೊಡನೆ ಭಿಕ್ಷಾಪಾತ್ರೆಯೂ ಬರಿಯ ನೆಲವೂ ನೆನಪಾಗುವುದು ಸಹಜ. ವಿರಕ್ತನ ಮೈಮೇಲೆ ವೈರಾಗ್ಯದ ಚಿಹ್ನೆಯೆನಿಸಿದ ಆ ವಸ್ತುವು ರಾಯಚೂರು ಸೀಮೆಯಲ್ಲಿ ಕೂಸು ಹುಟ್ಟುವ ಮನೆಯ ಮೊದಲನೆಯ ಸಿದ್ಧತೆಯಾಗಿದೆಯೆಂಬುದು ನೋಡತಕ್ಕ ವಿಷಯವೇ ಸರಿ. ಬಂಗಾಳದಲ್ಲಿ ಅದೇ ಶಬ್ದ ಕಾಂಥಾ ಎಂದು ಇಂದಿಗೂ ಬಳಕೆಯಲ್ಲಿದೆ. ಜಸೀಮುದ್ದೀನ ಕವಿಯು 1929ರಲ್ಲಿ ಪ್ರಕಟಿಸಿದ ‘ನಕ್ಷೀ ಕಾಂಥಾರ್ ಮಾಠ್’ ಎಂಬ ಕಾವ್ಯದಲ್ಲಿ ಗಂಡನನ್ನು ಅಗಲಿದ ಹೆಣ್ಣುಮಗಳೊಬ್ಬಳು ತನ್ನ ದುಃಖವನ್ನೆಲ್ಲ ಕಾಂಥಾದಲ್ಲಿ ಹೊಲಿದಿಡುತ್ತಾಳೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಪೂರ್ವ ಬಂಗಾಳದ ನಿರಾಶ್ರಿತ ಕುಟುಂಬಗಳು ಸಿಂಧನೂರಿನ ಸುತ್ತಣ ಕ್ಯಾಂಪುಗಳಲ್ಲಿ ನೆಲಸಿದುವು. ಹೀಗೆ ಗ್ರಂಥದ ಶಬ್ದವು ದೂರದ ದೇಶವನ್ನು ಸುತ್ತಿಕೊಂಡು ಕೌದಿಯ ನೆರೆಮನೆಗೇ ಬಂದು ಕುಳಿತಂತಾಯಿತು. ಇತ್ತ ಯಲ್ಲಾಪುರ, ಹಳಿಯಾಳಗಳ ಕಾಡಿನ ಸಿದ್ದಿ ಜನರು ಕವಂದಿಯನ್ನು ಅಂಚಿನಿಂದ ಮೊದಲುಮಾಡಿ ನಡುವಿಗೆ ಹೊಲಿಯುತ್ತ ಬಂದು, ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂಗಳನ್ನಿಡುತ್ತಾರೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆಯಾದುದು.

ಮಸ್ಕಿಯ ಒಂದು ಮನೆಯಲ್ಲಿ ನಡೆದ ಸಂಗತಿ ಇಲ್ಲಿ ಹೇಳತಕ್ಕುದಾಗಿದೆ. ಮನೆಯಲ್ಲಿ ಎಂಟು ಜನ. ಯಜಮಾನರು ಕಾಲುವೆಯ ನೀರು ಹಾಯುವ ಹೊಲದಲ್ಲಿ ಭತ್ತ ಬೆಳೆಯುವವರು. 1953ರಲ್ಲಿ ತುಂಗಭದ್ರೆಯ ಜಲಾಶಯದಲ್ಲಿ ನೀರು ನಿಂತ ಮೇಲೆ ಜೋಳದ ಎರೆಭೂಮಿಯಲ್ಲಿ ಭತ್ತ ಬಂದಿತಷ್ಟೆ. ಹಿರಿಯ ಮಗನು ತಂದೆಯೊಡನೆ ಹೊಲ ನೋಡುತ್ತಾನೆ. ಅವನಿಗೆ ಇಬ್ಬರು ಮಕ್ಕಳು. ಕಿರಿಯ ಮಗನ ಹೆಂಡತಿ ಸಿಂಧನೂರಿನ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಮುಂಜಾನೆ ಬಸ್ಸು ಹಿಡಿದು ಹೋದವಳು ಸಂಜೆಗೆ ಮರಳುವಳು. ಮನೆಯ ಭಾರವನ್ನು ಹೊತ್ತವರು ಅತ್ತೆಯವರು. ಬೆಳಗಿನ ಐದು ಗಂಟೆಗೆ ನಳದ ನೀರು ಹಿಡಿಯುವುದರಿಂದ ಹಿಡಿದು ರೊಟ್ಟಿ ಬಡಿಯುವುದು, ಬುತ್ತಿ ಕಟ್ಟುವುದು, ಮಕ್ಕಳ ಜಡೆ, ಆಳುಗಳ ಕೂಲಿಯ ಲೆಕ್ಕ, ಬಂದು ಹೋಗುವವರ ಚಹ, ಇವೆಲ್ಲದರ ನಡುವೆ ದೊರೆತ ಅರ್ಧ ತಾಸು, ಮುಕ್ಕಾಲು ತಾಸಿನಲ್ಲಿ ಆಕೆ ಮೂವತ್ತೈದು ವರ್ಷಗಳಿಂದ ಕೌದಿ ಹೊಲಿಯುತ್ತ ಬಂದವರು.

ಬಿಡುವು ದೊರೆತವರು ಮಾಡುವ ಕೆಲಸವಿದೆಂದು ಕೆಲವರು ತಿಳಿಯುವುದುಂಟು. ಅದು ಸರಿಯಲ್ಲ. ಬಿಡುವಿದ್ದವರು ಕೌದಿಯನ್ನು ಕೂಲಿಗೆ ಹೊಲಿಸುತ್ತಾರೆ. ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ಬೇವಿನ ಮರದ ನೆರಳಿನಲ್ಲಿ ಕುಳಿತು ಹೊಲಿದುಕೊಡುವ ಹೆಂಗಸರು ಈಗಲೂ ಇದ್ದಾರೆ. ಮನೆಯಲ್ಲಿಯೇ ಹೊಲಿಯುವವರದು ತುಂಡು ತುಂಡಾದ ಹೊತ್ತು. ಆ ಮನೆಯ ಯಾವ ಕೌದಿಯನ್ನು ಬಿಡಿಸಿ ನೋಡಿದರೂ ಸಾಲಿನಲ್ಲಿ ಇದು ಕಾಣುತ್ತದೆ. ಒಂದು ಗೇಣಿನಷ್ಟು ಹೊಲಿಗೆ ಸಾಸಿವೆ ಕಾಳಿನಂತೆ ಸಣ್ಣದಾಗಿ ಒಂದೇ ಸಮನಾಗಿ ಬಂದಿರುತ್ತದೆ. ಅಲ್ಲಿ ಮಕ್ಕಳು ಮಲಗಿದ್ದರೆಂದು ತಿಳಿಯಬೇಕು. ಮುಂದೆ ನಾಲ್ಕು ಹೊಲಿಗೆ ಉದ್ದವಾಗಿ ಬಿದ್ದಿದ್ದರೆ ಒಲೆಯ ಮೇಲೆ ಹಾಲು ಉಕ್ಕಿರಬೇಕು. ಕಣ್ಣು ಮಂದವಾದಂದಿನಿಂದ ದಾರ ಪೋಣಿಸುವ ಕೆಲಸ ಎಂಟು ವರ್ಷದ ಮೊಮ್ಮಗನದು. ಅವನು ಶಾಲೆಗೆ ಹೊರಡುವ ಮುನ್ನ ಹತ್ತು ಸೂಜಿಗಳಿಗೆ ದಾರ ಹಾಕಿ ಬಟ್ಟೆಯ ಉಂಡೆಗೆ ಚುಚ್ಚಿಟ್ಟು ಹೋಗುವನು. ಹತ್ತೂ ಮುಗಿದರೆ ಅಂದಿನ ಹೊಲಿಗೆ ಮುಗಿಯಿತು.

ಕಿರಿಯ ಸೊಸೆಯು ಮೊದಲ ಸಲ ಗರ್ಭಿಣಿಯಾದಾಗ ಅತ್ತೆಯವರು ಆರನೆಯ ತಿಂಗಳಿಗೇ ತೊಟ್ಟಿಲ ಕೌದಿಯನ್ನು ಹಾಸಿದರು. ಅನೇಕ ಮನೆಗಳಲ್ಲಿ ಕೂಸು ಹುಟ್ಟುವ ಮುಂಚೆ ಅದಕ್ಕಾಗಿ ಏನನ್ನೂ ಹೊಲಿಯಬಾರದು, ಕೊಳ್ಳಬಾರದು ಎಂಬ ಕಟ್ಟಿದೆ. ಆಕೆಯೂ ಅದನ್ನು ಬಲ್ಲವರೇ. ಆದರೆ ಭತ್ತದ ನಾಟಿಯ ದಿನಗಳು ಹತ್ತಿರವಾಗಿದ್ದುವು; ಆಗ ಸೂಜಿ ಹಿಡಿಯಲು ಪುರಸೊತ್ತು ಸಿಕ್ಕದೆಂದು ಮುಂಚಿತವಾಗಿ ಕುಳಿತರು. ಎಂಟನೆಯ ತಿಂಗಳಿನಲ್ಲಿ ಸೊಸೆಯ ರಕ್ತದೊತ್ತಡ ಏರಿ ಕೂಸು ಹೊಟ್ಟೆಯಲ್ಲಿಯೇ ತೀರಿಕೊಂಡಿತು. ವೈದ್ಯರು ಕಾರಣವನ್ನು ಬಿಡಿಸಿ ಹೇಳಿದರು. ಇಂಥ ರಕ್ತದೊತ್ತಡವು ಯಾರಿಗಾದರೂ ಬರಬಹುದು, ಇನ್ನೊಂದು ಸಲ ಮೊದಲಿನಿಂದಲೇ ನೋಡಿಕೊಂಡರೆ ಭಯಪಡಬೇಕಾಗಿಲ್ಲ ಎಂದೂ ಹೇಳಿದರು. ಆಕೆ ತಲೆಯಾಡಿಸಿ ಕೇಳಿದರು. ಮನೆಗೆ ಬಂದು ಅರ್ಧ ಹೊಲಿದ ಕೌದಿಯನ್ನು ಸೂಜಿಯೊಡನೆಯೇ ಸುತ್ತಿ ಟ್ರಂಕಿನ ತಳದಲ್ಲಿಟ್ಟರು. ವಿದ್ಯಾವಂತರು ಇದನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಆದರೆ ಕಾರಣವು ಬುದ್ಧಿಗೆ ತಿಳಿದ ಮಾತ್ರಕ್ಕೆ ಕೈ ತನ್ನನ್ನು ತಾನು ಕ್ಷಮಿಸುವುದೆಂಬ ನಿಯಮವೇನೂ ಇಲ್ಲವಷ್ಟೆ.

ಎರಡು ವರ್ಷಗಳ ಮೇಲೆ ಸೊಸೆಯು ಮತ್ತೆ ಗರ್ಭಿಣಿಯಾದಳು. ಲಿಂಗಸುಗೂರಿನಲ್ಲಿ ಕೊಟ್ಟಿದ್ದ ಮಗಳು ಹಳೆಯ ಧೋತರಗಳನ್ನು ಒಗೆದು ಗಂಟು ಕಟ್ಟಿ ಕಳಿಸಿದಳು. ಸಿಂಧನೂರಿನ ದರ್ಜಿಯೊಬ್ಬನಿಂದ ಸೊಸೆಯೇ ಅರಿವೆಯ ಚಿಂದಿಗಳನ್ನು ಕೇಳಿ ತಂದಳು. ಗಂಟುಗಳೆಲ್ಲ ಅಟ್ಟದ ಮೇಲೆ ಕುಳಿತುವು. ಐದು ತಿಂಗಳಾಯಿತು, ಆರಾಯಿತು, ಏಳೂ ಆಯಿತು. ಅತ್ತೆಯವರು ಹಿರಿಯ ಮಗನ ಮಕ್ಕಳ ಅಂಗಿಗೆ ಗುಂಡಿ ಹಚ್ಚುವುದಕ್ಕೆ ಕೂಡ ಸೂಜಿಯನ್ನು ಹಿರಿಯ ಸೊಸೆಯ ಕೈಗೇ ಕೊಡತೊಡಗಿದರು. ಮೊಮ್ಮಗನು ಅಭ್ಯಾಸಬಲದಿಂದ ಚುಚ್ಚಿಟ್ಟು ಹೋಗುತ್ತಿದ್ದ ಹತ್ತು ಸೂಜಿಗಳು ಹತ್ತೂ ಸಂಜೆಯವರೆಗೆ ಹಾಗೆಯೇ ಇರುತ್ತಿದ್ದುವು. ಕಿರಿಯ ಮಗನು ಸಂತೆಯಿಂದ ನುಣುಪಾದ ಕಂಬಳಿಯೊಂದನ್ನು ತಂದನು. ಅದರ ಮೇಲೆ ಕರಡಿಯ ಚಿತ್ರವಿತ್ತು. ಅದು ಪಾಲಿಯೆಸ್ಟರಿನದು, ನೀರು ಹೀರದು, ಗಾಳಿಯಾಡದು. ಬೇಸಿಗೆಯಲ್ಲಿ ಬಿಸಿಲು ನಾಲ್ವತ್ತು ಡಿಗ್ರಿಯನ್ನು ದಾಟುವ ಈ ಸೀಮೆಯಲ್ಲಿ ಎಳೆಗೂಸಿಗೆ ಅದನ್ನು ಹೊದಿಸುವುದು ಹೇಗೆಂಬುದನ್ನು ಮಾಡಿದವರೂ ಯೋಚಿಸಿರಲಾರರು, ಮಾರಿದವರೂ ಯೋಚಿಸಿರಲಾರರು.

ಒಂದು ಭಾನುವಾರ ಮಧ್ಯಾಹ್ನ ಸೊಸೆಯು ಟ್ರಂಕನ್ನು ತೆರೆದು ಅರ್ಧ ಹೊಲಿದ ಕೌದಿಯನ್ನು ಹೊರಗೆ ತೆಗೆದಳು. ಸೂಜಿ ತುಕ್ಕು ಹಿಡಿದು ಬಟ್ಟೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು. ಆಕೆ ಅದನ್ನು ಪಡಸಾಲೆಯಲ್ಲಿ ಹಾಸಿ, ತನ್ನ ಪೆಟ್ಟಿಗೆಯಿಂದ ಒಂದು ಇಳಕಲ್ ಸೀರೆಯನ್ನು ತಂದು ಪಕ್ಕದಲ್ಲಿಟ್ಟಳು. ಅದು ಆಕೆಯ ತಾಯಿಯದು. ತಾಯಿ ಇರಲಿಲ್ಲ, ಆದುದರಿಂದಲೇ ಬಾಣಂತನವೂ ಗಂಡನ ಮನೆಯಲ್ಲಿ ಆಗಬೇಕಾಗಿದ್ದಿತು.

“ಅತ್ತೀ, ಈ ಸಲ ಸೂಜಿ ಹಿಡಿಯಂಗಿಲ್ಲೇನ್ರಿ?”

“ಒಂದ್ ಸಲ ಹಿಡಿದು ಸಾಕಾಗೈತವ್ವ. ಕೂಸು ಬರಲಿ, ಆಮ್ಯಾಲ ನೋಡೋಣು.”

“ಆಮ್ಯಾಲ ನಿಮಗ ಪುರಸೊತ್ತು ಎಲ್ಲಿ ಸಿಗತೈತ್ರಿ? ಇದರ ಮ್ಯಾಲ ನಮ್ಮವ್ವನ ಸೀರಿ ಹಾಕಿ ಹೊಲೀರಿ. ಒಳಗಿಂದು ಒಳಗ ಇರಲಿ.”

ಹಳೆಯ ಕೌದಿಯನ್ನು ತಿರುಳಾಗಿಟ್ಟು ಅದರ ಮೇಲೆ ಹೊಸ ಬಟ್ಟೆ ಹೊದಿಸಿ ಹೊಲಿಯುವುದು ಹೊಸ ವಿಷಯವೇನೂ ಅಲ್ಲ. ಆದರೆ ಇಲ್ಲಿ ತಿರುಳಾಗಬೇಕಾದುದು ಯಾವುದೆಂಬುದನ್ನು ಇಬ್ಬರೂ ಬಲ್ಲರು. ಅತ್ತೆಯವರು ಬಹಳ ಹೊತ್ತು ಸುಮ್ಮನೆ ಕುಳಿತರು. ಕೊನೆಗೆ ಅವರು ಆಡಿದ ಮಾತು ಕೌದಿಯನ್ನು ಕುರಿತುದಾಗಿರಲಿಲ್ಲ. ಇದ್ದೊಂದು ಸೀರೆಯನ್ನು ಕತ್ತರಿಸಿದರೆ ತಾಯಿಯ ನೆನಪಿಗೆ ಮತ್ತೇನು ಉಳಿಯುವುದೆಂದು ಕೇಳಿದರು. ಸೊಸೆಯು ಅದಕ್ಕೆ ಉತ್ತರ ಕೊಡಲಿಲ್ಲ. ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು; ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಜಾರುವ ರೇಷ್ಮೆಯು ಕೂಸಿನ ಹಾಸಿಗೆಗೆ ಒದಗುವಂಥದಲ್ಲ. ಅತ್ತೆಯವರು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಕೊಂಡಿಯ ಸಾಲಿಗೆ ಸರಿಯಾಗಿ ಕತ್ತರಿಯಿಟ್ಟು ಸೆರಗನ್ನು ಬೇರೆಮಾಡಿ ಮಡಿಸಿ ಸೊಸೆಯ ಕೈಗೆ ಕೊಟ್ಟರು. ಉಳಿದುದನ್ನು ಬಣ್ಣ ಬಿಡುವುದೋ ಎಂದು ಪರೀಕ್ಷಿಸಲು ಉಪ್ಪಿನ ನೀರಿನಲ್ಲಿ ನೆನೆಯಿಟ್ಟರು.

ಹೊಲಿಗೆ ಮರುದಿನ ಮೊದಲಾಯಿತು. ತೊಟ್ಟಿಲ ಕೌದಿ ದೊಡ್ಡದಲ್ಲ; ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ. ತಳದಲ್ಲಿ ಧೋತರ, ನಡುವೆ ಹಳೆಯದು, ಮೇಲೆ ಸೀರೆ. ನಾಲ್ಕು ಮೂಲೆಗಳಿಗೆ ಕಲ್ಲು ಹೇರಿ ಉದ್ದನೆಯ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಅಂಚಿನಿಂದ ಸುತ್ತುತ್ತ ಒಂದೊಂದು ಬೆರಳು ಬಿಟ್ಟು ಒಳಕ್ಕೆ ಸಾಗುವುದು. ಹೊಸ ಬಟ್ಟೆಗಿಂತ ಹಳೆಯ ಬಟ್ಟೆಯೇ ಇದಕ್ಕೆ ಶ್ರೇಷ್ಠ. ನೂರು ಸಲ ಒಗೆದ ಹತ್ತಿಯಲ್ಲಿ ಗಂಜಿಯಿಲ್ಲ, ಒರಟಿಲ್ಲ. ದಿನಕ್ಕೆ ಎಷ್ಟು ಸಲ ಒದ್ದೆಯಾದರೂ ಒಗೆದು ಬಿಸಿಲಿಗೆ ಹಾಕಿದರೆ ಒಣಗಿಬಿಡುತ್ತದೆ. ತಪಾಸಣೆಗೆಂದು ಸಿಂಧನೂರಿಗೆ ಹೋದಾಗ ಅಲ್ಲಿಯ ದಾದಿಯು, ಇಂಥದನ್ನು ಕೂಸಿನ ಕೆಳಗೆ ಸುಕ್ಕಿಲ್ಲದೆ ಹಾಸಬೇಕು, ಮಲಗಿದ ಕೂಸಿನ ಮುಖಕ್ಕೆ ಮಾತ್ರ ಯಾವ ಹೊದಿಕೆಯೂ ಬರಬಾರದು ಎಂದು ಹೇಳಿದಳು. ಅತ್ತೆಯವರಿಗೆ ಈ ಮಾತು ಅಷ್ಟಾಗಿ ರುಚಿಸಲಿಲ್ಲ. ತಾವು ಮೂರು ಮಕ್ಕಳನ್ನು ತಲೆಯ ತನಕ ಹೊದಿಸಿಯೇ ಬೆಳೆಸಿದವರೆಂದರು. ಆದರೂ ಕೌದಿಯನ್ನು ತೆಳ್ಳಗೆ ಮಾಡಲೆಂದು ಒಂದು ಪದರವನ್ನು ಕಡಿಮೆ ಮಾಡಿದರು. ದಾದಿಯ ಮಾತೇ ಸರಿಯೆಂಬುದರಲ್ಲಿ ಸಂದೇಹವಿಲ್ಲ.

ನೆರೆಯ ಇಬ್ಬರು ಹೆಂಗಸರು ಒಂದೊಂದು ಬದಿಗೆ ಕುಳಿತು ಕೈಗೂಡಿಸಿದರು. ಸೊಸೆಯು ಸಂಜೆ ಬಂದವಳು ಮಕ್ಕಳ ಪರೀಕ್ಷೆಯ ಕಾಗದಗಳನ್ನು ಒಂದು ಮಗ್ಗುಲಿಗಿಟ್ಟುಕೊಂಡು ಹತ್ತು ಕಾಗದ ತಿದ್ದಿದರೆ ಒಂದು ಸಾಲು ಹೊಲಿಯುತ್ತಿದ್ದಳು. ಹದಿಮೂರು ದಿನಗಳಲ್ಲಿ ಮೂರು ಮೂಲೆಗಳು ಮುಗಿದುವು. ನಾಲ್ಕನೆಯ ಮೂಲೆಯಲ್ಲಿ ಅಂಗೈಯಗಲದ ಜಾಗವನ್ನು ಬಿಟ್ಟು ಅತ್ತೆಯವರು ದಾರವನ್ನು ಕಡಿದರು. “ಇಷ್ಟು ಇರಲಿ,” ಎಂದರು. ಶಾಲೆಯಲ್ಲಿ ವಿಜ್ಞಾನ ಕಲಿಸುವ ಸೊಸೆಯು ಏಕೆಂದು ಕೇಳಲಿಲ್ಲ. ಆಸ್ಪತ್ರೆಗೆ ಹೊರಡುವ ಚೀಲದಲ್ಲಿ ಕೌದಿಯನ್ನಿಟ್ಟು, ಅದರ ಮೇಲೆ ಮೊಮ್ಮಗನು ದಾರ ಪೋಣಿಸಿಕೊಟ್ಟ ಒಂದು ಸೂಜಿಯನ್ನು ಬಟ್ಟೆಯ ತುಂಡಿಗೆ ಚುಚ್ಚಿ ತಾನೇ ಇಟ್ಟುಕೊಂಡಳು.

ವೈದ್ಯರು ಒಂಬತ್ತು ತಿಂಗಳೂ ವಾರ ವಾರಕ್ಕೆ ಎಂಬಂತೆ ರಕ್ತದೊತ್ತಡವನ್ನು ನೋಡುತ್ತ ಬಂದಿದ್ದರು. ಹೆಣ್ಣು ಕೂಸು ಬೆಳಗಿನ ಜಾವದಲ್ಲಿ ಹುಟ್ಟಿತು. ತೂಕ ಎರಡು ಕಿಲೋ ಆರು ನೂರು ಗ್ರಾಮು. ಕೂಸಿನ ಅಳು ಕೇಳಿದ ಮೇಲೆ ಅತ್ತೆಯವರು ಆಸ್ಪತ್ರೆಯ ಪಡಸಾಲೆಯ ಬಾಕಿನ ಮೇಲೆ ಕುಳಿತು, ದೀಪದ ಮಂದ ಬೆಳಕಿನಲ್ಲಿ, ಕನ್ನಡಕವನ್ನು ಮನೆಯಲ್ಲಿಯೇ ಮರೆತುಬಂದ ಕಾರಣ ಬೆರಳಿನಿಂದ ತಡವುತ್ತ ನಾಲ್ಕನೆಯ ಮೂಲೆಯನ್ನು ಹೊಲಿದರು.

ಆ ಕೂಸಿಗೆ ಈಗ ಏಳು ತಿಂಗಳು. ಕೌದಿಯನ್ನು ದಿನಾಲು ಒಗೆದು ತಂತಿಯ ಮೇಲೆ ಒಣಹಾಕುತ್ತಾರೆ. ಅದರ ನೀಲಿ ಬಣ್ಣ ಅರ್ಧ ಹೋಗಿದೆ. ಆಸ್ಪತ್ರೆಯಲ್ಲಿ ಹಾಕಿದ ಹೊಲಿಗೆಗಳು ಸೊಟ್ಟಾಗಿ, ಉದ್ದುದ್ದವಾಗಿ ಬಿದ್ದಿರುವುದರಿಂದ ಅಲ್ಲಿ ಕೂಸಿನ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಚ್ಚಿ ನೇರವಾಗಿ ಹೊಲಿಯಬೇಕೆಂದು ಅತ್ತೆಯವರು ವಾರಕ್ಕೊಮ್ಮೆಯಾದರೂ ಅನ್ನುತ್ತಾರೆ. ಸೊಸೆಯು ಬಿಚ್ಚಗೊಡುವುದಿಲ್ಲ, ಕಾಲಿನ ಬದಿಯನ್ನು ತಲೆಯ ಬದಿಗೆ ತಿರುಗಿಸಿ ಹಾಸುತ್ತಾಳೆ.