ಅಜ್ಜಿಯ ಫೋಟೊಕ್ಕೆ ಒಂದು ಜಾಗ

ನಮ್ಮ ಮನೆಯ ಒಳಗೋಡೆಗೆ ಎರಡು ಮೊಳೆ ಹೊಡೆದಿದೆ. ಒಂದಕ್ಕೆ ಬಾಬಾಸಾಹೇಬರ ಕ್ಯಾಲೆಂಡರು. ಇನ್ನೊಂದು ಬರೀ ಮೊಳೆ. ಅದು ತಾತನದು. ಮಾಲಯ ಅಮಾಸೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಕಳಶದ ಮುಂದೆ ಹೊಸ ಪಂಚೆ ಮಡಿಸಿಡುತ್ತೇವೆ, ಬೀಡಿ ಕಟ್ಟು ಇಡುತ್ತೇವೆ, ಬಾಡಿನ ಸಾರು ಬಡಿಸುತ್ತೇವೆ. ಉಣ್ಣುವವನ ಮುಖ ಮಾತ್ರ ಇಲ್ಲ. ಓಟಿನ ಕಾರ್ಡಿನಲ್ಲಿ ಹೆಬ್ಬೆರಳಿನಷ್ಟು ಒಂದು ಫೋಟೊ ಇತ್ತು. ಅದನ್ನೇ ದೊಡ್ಡದು ಮಾಡಿಸಲು ಹೋದೆವು. ಬಂದದ್ದು ಮುಖವಲ್ಲ, ಮಸಿ.

ಹೋದ ಸಲ ಎಡೆ ಎತ್ತುವಾಗ ಅಜ್ಜಿ ಅಂದಳು: 'ನಂದಾದ್ರೂ ಒಂದು ಪೋಟ ತಗ್ಸಿಡ್ರಪ್ಪ. ಆಧಾರ್ ಕಾರ್ಡಿಂದು ಬ್ಯಾಡ. ಅದ್ರಾಗೆ ಈಗ್ಲೇ ಸತ್ತೋಳಂಗೆ ಕಾಣ್ತೀನಿ.'

ಎಲ್ಲಿ ತೆಗೆಸೋಣ ಅಂತ ಕೇಳಿದ್ದಕ್ಕೆ ಅವಳು ಒಂದೇ ಮಾತು ಹೇಳಿದಳು: 'ನಮ್ಮಪ್ಪ ಕಲ್ಲು ಹಾಕಿದ್ ಜಾಗದಾಗೆ.'

ನಮ್ಮದು ತುರುವೇಕೆರೆ ಸೀಮೆ. ಅಲ್ಲಿಯ ಕರಿಕಲ್ಲು ಹೆಸರಾದದ್ದು. ಗಂಗಾಧರೇಶ್ವರನ ಗುಡಿಯ ಮುಂದಿನ ನಂದಿಯನ್ನು ನೋಡಿದವರಿಗೆ ಆ ಕಲ್ಲಿನ ಹೊಳಪು ಗೊತ್ತು. ಬೆಂಗಳೂರಿನಲ್ಲಿ ವಿಧಾನಸೌಧ ಎದ್ದಾಗ ಅದರ ಮೈಗೆ ಮಲ್ಲಸಂದ್ರ, ಹೆಸರಘಟ್ಟದ ಕಡೆಯ ಕಲ್ಲು ಬಂತು. ಅಲಂಕಾರಕ್ಕೆ ಮಾಗಡಿಯ ಕೆಂಪುಗಲ್ಲು ಮತ್ತು ನಮ್ಮ ತುರುವೇಕೆರೆಯ ಕರಿಕಲ್ಲು ಬಂತು. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದರು. 1956ರಲ್ಲಿ ಕಟ್ಟಡ ಮುಗಿಯಿತು. ಆ ಕಾಲದಲ್ಲಿ ಅಜ್ಜಿಯ ಅಪ್ಪ ಹಾರೆ ಕೊಟ್ಟು ಕಲ್ಲು ಮೀಟಿ ಲಾರಿಗೇರಿಸುವ ಕೂಲಿ. ಒಂದು ದಿನ ಲಾರಿಯ ಹಿಂದೆಯೇ ಹತ್ತಿ ಬೆಂಗಳೂರಿಗೆ ಹೋದವನು ಸುಗ್ಗಿಗೆ ತಿರುಗಿ ಬಂದನಂತೆ. ಅಡಿಗಲ್ಲು ಹಾಕಿದವರ ಫೋಟೊ ಇದೆ, ಕಟ್ಟಿಸಿದವರ ಫೋಟೊ ಇದೆ. ಮೀಟಿದವನದು ಯಾರಲ್ಲಿಯೂ ಇಲ್ಲ.

ಹಾಗಾಗಿ 2024ರ ಆಗಸ್ಟ್‌ನಲ್ಲಿ ನಾವು ಬೆಂಗಳೂರಿಗೆ ಹೊರಟೆವು. ನಾವು ಎಂದರೆ ಐದು ಜನ. ಅಜ್ಜಿ, ಅಪ್ಪ, ಅವ್ವ, ಪಿಯುಸಿ ಓದುವ ತಂಗಿ, ಮತ್ತು ಈ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿ ಪದ್ಯ ಬರೆಯುತ್ತ ಕೆಲಸಕ್ಕೆ ಕಾಯುತ್ತಿರುವವನು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಅದಿಲ್ಲದೆ ಐದು ಜನ ಒಟ್ಟಿಗೆ ಪಟ್ಟಣ ನೋಡುವ ಮಾತೇ ಇರಲಿಲ್ಲ. ಎರಡೇ ಟಿಕೆಟ್ಟು ಕೊಂಡೆವು. ರಾತ್ರಿ ತಂಗಲು ಪೀಣ್ಯದಲ್ಲಿ ಚಿಕ್ಕಪ್ಪನ ಒಂದು ಕೋಣೆಯ ಮನೆ. ತಂಗಿ ಬಸ್ಸಿನಲ್ಲೇ ಚೀಟಿ ಬರೆದಳು: ಲಾಲ್‌ಬಾಗಿನ ಗಾಜಿನ ಮನೆ, ಅಲ್ಲಿಯ ಬಂಡೆ, ಕಬ್ಬನ್ ಪಾರ್ಕು, ಕೆಂಪು ಹೈಕೋರ್ಟು, ಕೊನೆಗೆ ವಿಧಾನಸೌಧ.

ಮೊದಲು ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ. ಗಾಜಿನ ಮನೆ 1889ರದು. ಆ ಸಲದ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ಬಾಬಾಸಾಹೇಬರ ಬದುಕಿನ ಮೇಲೆಯೇ ಇತ್ತು. ಹೂವಿನಲ್ಲಿ ಅವರನ್ನು ನೋಡಿ ಅವ್ವ ಕೈ ಮುಗಿದಳು. ಗಾಜಿನ ಮನೆಯೊಳಗಿನ ಬೆಳಕು ಫೋಟೊಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಬಿಸಿಲು ಗಾಜಿನಲ್ಲಿ ಸೋಸಿ ಇಳಿಯುತ್ತದೆ, ಕಣ್ಣ ಕೆಳಗೆ ಕಪ್ಪು ನೆರಳು ಬೀಳುವುದಿಲ್ಲ. ಆದರೆ ಜನ! ನಿಂತರೆ ಹಿಂದಿನವರು ತಳ್ಳುತ್ತಾರೆ. ಹೇಗೋ ಒಂದು ಮೂಲೆ ಹಿಡಿದು ಅಜ್ಜಿಯನ್ನು ನಿಲ್ಲಿಸಿದೆವು. ದೊಡ್ಡ ಕ್ಯಾಮೆರಾ ಹಿಡಿದ ಒಬ್ಬ ಹುಡುಗ ಬಂದು ತುಂಬಾ ಮರ್ಯಾದೆಯಿಂದಲೇ ಹೇಳಿದ: 'ಅಜ್ಜಿ, ಸ್ವಲ್ಪ ಆಚೆ ಬರ್ತೀರಾ? ಫ್ರೇಮಲ್ಲಿ ಬರ್ತಿದೀರ.'

ಅಜ್ಜಿ ಬಂದಳು. ಆಮೇಲೆ ತಂಗಿಯನ್ನು ಕೇಳಿದಳು: 'ಅದೇನವ್ವ ಪ್ರೇಮು ಅಂದ್ರೆ?'

'ಪೋಟದ ಚೌಕಟ್ಟು ಕಣಜ್ಜಿ.'

'ಓಹೋ, ಅಲ್ಲೂ ನಮ್ಮನ್ನ ಆಚೆ ನಿಲ್ಸ್ತಾರಾ' ಎಂದು ನಕ್ಕಳು. ನಮಗೆ ನಗು ಬರಲಿಲ್ಲ.

ಗೆಳೆಯರೆ, ಚೌಕಟ್ಟಿನ ಒಳಗೆ ಕರೆದದ್ದೂ ಉಂಟು. ಹೇಗೆ ಕರೆದರು ಅನ್ನುವುದನ್ನು ನೋಡಬೇಕು. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಫೋಟೊ ಪುಸ್ತಕವನ್ನು ಎಂಟು ಸಂಪುಟಗಳಲ್ಲಿ ತಂದಿತು. ಅದರಲ್ಲಿ ಹೆಚ್ಚಿನ ಫೋಟೊಗಳ ಕೆಳಗೆ ಮನುಷ್ಯನ ಹೆಸರಿಲ್ಲ, ಜಾತಿಯ ಹೆಸರು, ಬುಡಕಟ್ಟಿನ ಹೆಸರು. ಅದು ಮುಖ ನೆನಪಿಟ್ಟುಕೊಳ್ಳಲು ತೆಗೆದ ಫೋಟೊ ಅಲ್ಲ, ಜನರನ್ನು ವಿಂಗಡಿಸಲು ತೆಗೆದದ್ದು.

ಯಂತ್ರಕ್ಕೂ ಒಂದು ಬಣ್ಣದ ಬುದ್ಧಿ ಇದೆ. ಬಣ್ಣದ ಫಿಲಮಿನ ಕಾಲದಲ್ಲಿ ಅಮೆರಿಕದ ಕೊಡಕ್ ಕಂಪನಿ ಫೋಟೊ ತೊಳೆಯುವವರಿಗೆ ಬಣ್ಣ ಸರಿಮಾಡಿಕೊಳ್ಳಲು ಒಂದು ಮಾದರಿ ಚಿತ್ರ ಕೊಡುತ್ತಿತ್ತು. ಅದಕ್ಕೆ 'ಶರ್ಲಿ ಕಾರ್ಡ್' ಎಂದು ಹೆಸರು. ಅದರಲ್ಲಿ ಕೂತವಳು ಬಿಳಿಯ ಹೆಂಗಸು. ಅವಳ ಚರ್ಮ ಸರಿ ಬಂದರೆ ಬಣ್ಣ ಸರಿ. ಕಪ್ಪು ಮುಖದ ಮೇಲಿನ ಕಣ್ಣು ಹಲ್ಲು ಬಿಟ್ಟು ಮಿಕ್ಕದ್ದು ಕತ್ತಲೆಯಾದರೆ ಅದು ಮುಖದ ತಪ್ಪು! ಇವತ್ತು ಫಿಲಮು ಹೋಗಿ ಮೊಬೈಲು ಬಂದಿದೆ. ತಂಗಿಯ ಮೊಬೈಲು ಗಾಜಿನ ಮನೆಯ ಹೊರಗೆ ಅಜ್ಜಿಯ ಫೋಟೊ ತೆಗೆದು, ಯಾರೂ ಕೇಳದೆ ಅವಳನ್ನು ಬೆಳ್ಳಗೆ ಮಾಡಿತ್ತು. ಸುಕ್ಕು ಅಳಿಸಿತ್ತು. ಅಜ್ಜಿ ನೋಡಿ 'ಇದ್ಯಾರು?' ಅಂದಳು. ತಂಗಿ ಆ 'ಬ್ಯೂಟಿ'ಯನ್ನು ಹುಡುಕಿ ಆರಿಸಿದಳು.

ಮಧ್ಯಾಹ್ನ ದಾಟಿದ ಮೇಲೆ ಬಂಡೆ ಹತ್ತಿದೆವು. ಮೇಲೆ ಕೆಂಪೇಗೌಡರ ಗೋಪುರ ಇದೆ. ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು ಎನ್ನುತ್ತಾರೆ ಭೂವಿಜ್ಞಾನಿಗಳು. ಅಜ್ಜಿ ಕೂತು ಬಂಡೆಯ ಮೈ ಸವರಿದಳು, ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಕೊಟ್ಟಳು. 'ಗಟ್ಟಿ ಕಲ್ಲು' ಅಂದಳು. ಇಡೀ ಪಟ್ಟಣದಲ್ಲಿ ಅವಳಿಗೆ ಗುರುತು ಸಿಕ್ಕ ಮೊದಲ ಜೀವ ಅದು. ಅಲ್ಲಿ ತೆಗೆದ ಫೋಟೊ ಚೆನ್ನಾಗಿ ಬಂತು. ಹಿಂದೆ ಬೂದುಗಪ್ಪು ಬಂಡೆ, ಮುಂದಿನಿಂದ ಮೋಡದ ಮೆದು ಬೆಳಕು. ಆಗ ನಮಗೊಂದು ಪಾಠ ಸಿಕ್ಕಿತು: ಕಪ್ಪು ಮುಖದ ಹಿಂದೆ ಬಿಳಿ ಆಕಾಶ ಇಡಬಾರದು. ಬಂಡೆ, ಮರ, ಕೆಂಪು ಗೋಡೆ ಇರಲಿ. ಪರದೆಯ ಮೇಲೆ ಮುಖವನ್ನೇ ಬೆರಳಿಂದ ಒತ್ತಿ, ಯಂತ್ರ ಮುಖವನ್ನೇ ನೋಡುವ ಹಾಗೆ ಮಾಡಬೇಕು.

ಮೆಟ್ರೋ ಹಿಡಿದು ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ವಿಧಾನಸೌಧದ ನಿಲ್ದಾಣದಲ್ಲಿ ಇಳಿದೆವು. ಆ ನಿಲ್ದಾಣಕ್ಕೆ ಬಾಬಾಸಾಹೇಬರ ಹೆಸರು. ಎದುರಿನ ರಸ್ತೆಯೂ ಅಂಬೇಡ್ಕರ್ ಬೀದಿಯೇ. ಮೇಲೆ ಬರುವ ಹೊತ್ತಿಗೆ ಸಂಜೆ. ವಿಧಾನಸೌಧದ ಮುಖ ಪೂರ್ವಕ್ಕೆ. ಸೂರ್ಯ ಅದರ ಬೆನ್ನ ಹಿಂದೆ ಇಳಿಯುತ್ತಿದ್ದ. ಗೇಟಿನ ಒಳಗೆ ನಮಗೆ ದಾರಿಯಿಲ್ಲ, ರಸ್ತೆಯ ಅಂಚಿನಲ್ಲೇ ನಿಂತೆವು. ತಂಗಿ ಮೊಬೈಲು ಹಿಡಿದಳು. ಕಟ್ಟಡಕ್ಕೆ ಬೆಳಕು ಹೊಂದಿಸಿದರೆ ಅಜ್ಜಿ ಬರೀ ಕಪ್ಪು ಆಕಾರ. ಅಜ್ಜಿಯ ಮುಖಕ್ಕೆ ಹೊಂದಿಸಿದರೆ ಗುಮ್ಮಟ ಬಿಳಿ ಆಕಾಶದಲ್ಲಿ ಕರಗಿ ಹೋಗುತ್ತದೆ. ಒಂದು ಉಳಿದರೆ ಇನ್ನೊಂದು ಇಲ್ಲ. ಕಟ್ಟಡ ಪೂರ್ತಿ ಬರಲಿ ಅಂತ ದೂರ ಹೋದರೆ ಅಜ್ಜಿ ಇರುವೆಯಷ್ಟು.

ಅಪ್ಪ ಬೇಲಿಯಾಚೆಯಿಂದಲೇ ಮೆಟ್ಟಿಲು ಎಣಿಸಲು ನೋಡಿ ಸೋತ. 45 ಮೆಟ್ಟಿಲು, 40 ಅಡಿ ಎತ್ತರದ 12 ಕಂಬ ಅಂತ ಓದಿ ಹೇಳಿದೆವು. ಸುಮಾರು 5000 ಕೂಲಿಗಳು ದುಡಿದರು, ಅವರಲ್ಲಿ ಕೈದಿಗಳೂ ಇದ್ದರು ಅಂತಲೂ ಹೇಳಿದೆವು. ತಂಗಿ ಹಣೆಬರಹ ಓದಿದಳು: 'ಸರ್ಕಾರದ ಕೆಲಸ ದೇವರ ಕೆಲಸ.'

ಅಜ್ಜಿ ಕೇಳಿದಳು: 'ಕೂಲಿಯೋರ ಕೆಲ್ಸ ಅಂತ ಎಲ್ಲಾದ್ರೂ ಬರ್ದವ್ರಾ, ನೋಡವ್ವ.'

ತಂಗಿ ನೋಡಿದಳು. ಕಾಣಲಿಲ್ಲ. ನಮ್ಮ ಕರಿಕಲ್ಲು ಎಲ್ಲಿದೆ ಅನ್ನುವುದೂ ಆಚೆಯಿಂದ ಕಾಣಲಿಲ್ಲ.

'ಸೂರ್ಯ ಮಕದ ಮ್ಯಾಲೆ ಬೀಳೋವಾಗ ಬರಾನ. ಬೆಳಿಗ್ಗೆ' ಅಂದಳು ಅಜ್ಜಿ. ಫೋಟೊದ ವಿದ್ಯೆಯನ್ನು ಅವಳು ಒಂದೇ ದಿನದಲ್ಲಿ ಕಲಿತಿದ್ದಳು. ಚಿಕ್ಕಪ್ಪನ ಕೋಣೆಯಲ್ಲಿ ಎಂಟು ಜನ ಕಾಲು ಮಡಿಸಿ ಮಲಗಿ ಎದ್ದೆವು.

ಭಾನುವಾರ ಬೆಳಿಗ್ಗೆ ಎಂಟರ ಹೊತ್ತು. ಮೋಡ ಹರಿದು ಎಳೆಬಿಸಿಲು ನೇರವಾಗಿ ಕಟ್ಟಡದ ಮುಖಕ್ಕೆ ಬಿದ್ದಿತ್ತು. ರಸ್ತೆಯಾಚೆ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಹೈಕೋರ್ಟಿನ ಕೆಂಪು ಗೋಡೆ. ಬೀದಿಯಲ್ಲಿ ಒಬ್ಬ ಪೌರಕಾರ್ಮಿಕ ಹೆಣ್ಣುಮಗಳು ಗುಡಿಸುತ್ತಿದ್ದಳು. ನಾವು ಹಿಂದೆ ಮುಂದೆ ಸರಿಯುತ್ತ ಒದ್ದಾಡುವುದನ್ನು ನೋಡಿ ಅವಳೇ ಬಂದಳು.

'ಅಲ್ಲಿ ನಿಂತ್ರೆ ದೀಪದ ಕಂಬ ಅಡ್ಡ ಬತ್ತದೆ. ಇಲ್ಲಿ ಬನ್ನಿ. ಅಜ್ಜಿ ಮುಂದೆ ಬರ್ಲಿ, ಇನ್ನೂ ಮುಂದೆ. ಮೊಬೈಲು ಕೆಳಗೆ ಹಿಡಿರಿ, ಆಗ ಮೇಲಿಂದೂ ಬತ್ತದೆ, ಮಕಾನೂ ದೊಡ್ಡದಾಗ್ತದೆ.'

'ನಿಂಗೆಂಗೆ ಗೊತ್ತವ್ವಾ?' ಅಜ್ಜಿ ಕೇಳಿದಳು.

'ದಿನಾ ಗುಡ್ಸೋ ಜಾಗ, ನಂಗೊತ್ತಿಲ್ವಾ? ಎಷ್ಟು ಜನಕ್ಕೆ ತೆಗ್ದುಕೊಟ್ಟಿದೀನಿ.'

ಅವಳು ಹೇಳಿದ ಕಡೆ ನಿಂತಾಗ ಎಲ್ಲ ಕೂಡಿ ಬಂತು. ಬಿಸಿಲು ಮುಖದ ಮೇಲೆ, ಅದೇ ಬಿಸಿಲು ಹಿಂದಿನ ಕಲ್ಲಿನ ಮೇಲೆ. ಮೊದಲು ಅಜ್ಜಿಯೊಬ್ಬಳದೇ ತೆಗೆದೆವು. ಆಮೇಲೆ ಆಕೆ ಕೈಗವಸು ಬಿಚ್ಚಿ ಮೊಬೈಲು ಇಸಿದುಕೊಂಡು ಐದೂ ಜನದ್ದು ತೆಗೆದಳು. ಅಲ್ಲಿಯ ತನಕ ಒಂದು ಫೋಟೊದಲ್ಲೂ ನಾವು ಪೂರಾ ಇರಲಿಲ್ಲ. ತೆಗೆಯುವವರು ಯಾವಾಗಲೂ ಹೊರಗೆ.

'ನಿಂದು ಇಲ್ಲಿ ಪೋಟ ಐತಾ?' ಅಜ್ಜಿ ಕೇಳಿದಳು. ಇಲ್ಲವಂತೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲವಂತೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆಕೆ ಅಜ್ಜಿಯ ಪಕ್ಕ ನಿಲ್ಲಲು ಬರುವಾಗ ಪೊರಕೆಯನ್ನು ಮರಕ್ಕೆ ಒರಗಿಸಿದಳು. ನಮ್ಮೊಳಗಿನ ಕವಿಗೆ ಆ ಪೊರಕೆ ಬೇಕಿತ್ತು. ವಿಧಾನಸೌಧ, ಪೊರಕೆ, ಕಪ್ಪು ಕೈ. ಪದ್ಯ ಆಗಲೇ ತಲೆಯಲ್ಲಿ ಸಾಲು ಸಾಲಾಗಿ ನಿಂತಿತ್ತು. 'ಪೊರಕೆ ಕೈಯಲ್ಲೇ ಇರ್ಲಿ ಅಕ್ಕಾ' ಎಂದು ಬಾಯಿ ಬಿಟ್ಟೇ ಬಿಟ್ಟೆವು. ಆಕೆ ಮಾತಾಡಲಿಲ್ಲ. ತಂಗಿ ತಿರುಗಿ ನೋಡಿದಳು: 'ಅಣ್ಣಾ, ಅದು ಅವರ ಪೋಟ. ಅವರಿಗೆ ಹೆಂಗೆ ಬೇಕೋ ಹಂಗೆ.'

ಎಂಟು ಸಂಪುಟ ಮಾಡಿದ ಬಿಳಿಯರಿಗೂ ನಮಗೂ ಅಷ್ಟು ಹೊತ್ತು ಏನು ವ್ಯತ್ಯಾಸವಿತ್ತು? ಅವರಿಗೆ ಜಾತಿ ಬೇಕಿತ್ತು, ನಮಗೆ ಸಂಕೇತ ಬೇಕಿತ್ತು. ಮುಖ ಯಾರಿಗೂ ಬೇಕಿರಲಿಲ್ಲ. ಆಕೆ ತಲೆಗೂದಲು ಸರಿಮಾಡಿಕೊಂಡು, ಸೆರಗು ಎಳೆದುಕೊಂಡು, ಅಜ್ಜಿಯ ಹೆಗಲ ಮೇಲೆ ಕೈ ಹಾಕಿ ನಕ್ಕಳು. ಪೊರಕೆ ಆ ಫೋಟೊದಲ್ಲಿಲ್ಲ. ಅವಳ ಮಗನ ನಂಬರಿಗೆ ಅಲ್ಲೇ ಕಳಿಸಿದೆವು. ವಿಧಾನಸೌಧದ ಎದುರಿನ ಬಾಬಾಸಾಹೇಬರ ಪ್ರತಿಮೆಗೆ ಕೈ ಮುಗಿದು ಬಸ್ಸು ಹಿಡಿದೆವು.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದೊಯ್ಯುತ್ತೀರಿ. ಐವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗುಮ್ಮಟ ಪೂರ್ತಿ ಬರುವ ಹಾಗೆ ಒಂದು ಫೋಟೊ ತೆಗೆಸುತ್ತೀರಿ. ಅದರಲ್ಲಿ ಗುಮ್ಮಟ ಇರುತ್ತದೆ, ಮಕ್ಕಳು ಸಾಸಿವೆ ಕಾಳು. ಗುಮ್ಮಟದ ಫೋಟೊ ಬೇಕಾದಷ್ಟಿದೆ, ಅಂಗಡಿಯಲ್ಲೂ ಸಿಗುತ್ತದೆ. ಬೆಳಗಿನ ಬಿಸಿಲಿಗೆ ಮುಖ ಕೊಟ್ಟು ನಿಲ್ಲಿಸಿ, ನಾಲ್ಕು ನಾಲ್ಕು ಜನರನ್ನು ಹತ್ತಿರ ಕರೆದು ತೆಗೆಯಿರಿ. ಹಿಂದೆ ಹೆಸರು ಬರೆಸಿ. ಎಲ್ಲಿ ನಿಲ್ಲಬೇಕೆಂದು ಗೊತ್ತಾಗದಿದ್ದರೆ ಅಲ್ಲಿ ಗುಡಿಸುವವರನ್ನು ಕೇಳಿ. ನಮ್ಮ ಮುಖ ಚಿಕ್ಕದಾಗದ ಜಾಗವೇ ಒಳ್ಳೆಯ ಜಾಗ.

ಊರಿಗೆ ಬಂದು ಫೋಟೊ ತೊಳೆಸಲು ಸ್ಟುಡಿಯೋಗೆ ಹೋದೆವು. ಕಂಪ್ಯೂಟರಿನಲ್ಲಿ ಅಜ್ಜಿಯನ್ನು ನೋಡುತ್ತ ಆತ ವಾಡಿಕೆಯಂತೆ ಕೇಳಿದ: 'ಮಕ ಸ್ವಲ್ಪ ಬೆಳ್ಳಗೆ ಮಾಡ್ಲಾ?'

'ಬ್ಯಾಡ, ಹಂಗೇ ಇರ್ಲಿ' ಅಂದೆವು.

ಕಟ್ಟು ಹಾಕಿಸಿ ತಂದ ದಿನ ಪೆಟ್ಟಿಗೆಯಲ್ಲಿ ಎತ್ತಿಡಲು ಹೋದರೆ ಅಜ್ಜಿ ಬಿಡಲಿಲ್ಲ. 'ಸತ್ತ ಮ್ಯಾಲೆ ಹಾರ ನೀವು ಹಾಕೀರಿ, ನಾ ನೋಡಕ್ಕಾಯ್ತದಾ? ಈಗ್ಲೇ ನೇತಾಕ್ರಿ' ಅಂದಳು. ತಾತನ ಮೊಳೆಗೆ ಹಾಕಿದೆವು. ಅದರ ಪಕ್ಕದಲ್ಲಿ ಅಪ್ಪ ಇನ್ನೊಂದು ಮೊಳೆ ಹೊಡೆದ. ಅದು ಈಗ ತಾತನದು. ಖಾಲಿ ಇದೆ.