ಎರಡು ತಿಂಗಳು ಅಲುಗಾಡದ ಹಣ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ಪುಣ್ಯ. ಊರು ದಾಟಿದ ಮೇಲೆ ಮೊದಲು ಕಲ್ಲುಗುಡ್ಡ, ಆಮೇಲೆ ಎರೆಭೂಮಿ, ತೆಕ್ಕಲಕೋಟೆ ಬರುವಷ್ಟರಲ್ಲಿ ಎರಡೂ ಬದಿಗೆ ಕಾಲುವೆ ನೀರಿನ ಸೀಮೆ. ಡಿಸೆಂಬರ್ ಕೊನೆಯಲ್ಲಿ ಹೋದರೆ ಗದ್ದೆಯಲ್ಲಿ ಬರೀ ಕೂಳೆ. ಭತ್ತವೆಲ್ಲ ರಸ್ತೆಯ ಅಂಚಿಗೆ ಬಂದು ಒಣಗುತ್ತಿರುತ್ತದೆ. ಅರ್ಧ ರಸ್ತೆ ವಾಹನಕ್ಕೆ, ಅರ್ಧ ಭತ್ತಕ್ಕೆ. ಇದನ್ನು ಬೈಯುತ್ತಲೇ ಎಲ್ಲ ಚಾಲಕರೂ ಪಕ್ಕಕ್ಕೆ ಸರಿಸಿಕೊಂಡು ಹೋಗುತ್ತಾರೆ.

2024ರ ಡಿಸೆಂಬರ್ 29, ಭಾನುವಾರ. ನನ್ನ ಹಳೆಯ ಗೆಳೆಯರೊಬ್ಬರನ್ನು ನೋಡಲು ಹೊರಟಿದ್ದೆ. ನಿವೃತ್ತ ಶಾಲಾ ಮೇಷ್ಟ್ರು. ನಾಲ್ಕು ಎಕರೆ ಗದ್ದೆ, ಒಂದು ತುಂಡು ಎರೆಹೊಲ, ಒಬ್ಬನೇ ಮಗ. ಆ ಮಗ ಬ್ಯಾಂಕಾಕಿನಲ್ಲಿ ಏಳು ವರ್ಷ ಕೆಲಸ ಮಾಡಿ, ಅಲ್ಲಿಯ ಹುಡುಗಿಯನ್ನೇ ಮದುವೆಯಾದವನು. ಮದುವೆಯ ಕಾಲಕ್ಕೆ ಊರಲ್ಲಿ ಒಂದಿಷ್ಟು ಗುಸುಗುಸು ನಡೆದದ್ದು ನಿಜ. ಸೊಸೆ ಬಂದು ಹದಿನೈದು ದಿನ ಇದ್ದು ಹೋದ ಮೇಲೆ ಅದು ತಾನಾಗಿಯೇ ನಿಂತಿತು. ಆಕೆ ಮೊದಲು ಕಲಿತ ಕನ್ನಡ ‘ಊಟ ಆಯ್ತಾ’. ಥಾಯ್ ಭಾಷೆಯಲ್ಲೂ ಎದುರಿಗೆ ಸಿಕ್ಕವರನ್ನು ಮಾತಾಡಿಸುವುದು ‘ಕಿನ್ ಖಾವ್ ರೆ ಯಾಂಗ್’ ಎಂದು. ಅನ್ನ ಉಂಡಿರಾ ಎಂದೇ ಅದರ ಅರ್ಥ. ಭತ್ತ ಬೆಳೆಯುವವರು ಎಲ್ಲಿದ್ದರೂ ಮೊದಲು ಕೇಳುವುದು ಇದನ್ನೇ ಎಂದು ಕಾಣುತ್ತದೆ.

ಈ ಸಲ ಮೇಷ್ಟ್ರ ಮನೆಯಲ್ಲಿ ಆ ನಗು ಇರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಜನವರಿ 10ರ ಸುತ್ತ ಕೆಂಪು ಗುರುತು ಹಾಕಿದ್ದರು. ವೈಕುಂಠ ಏಕಾದಶಿಗೆ ಎಲ್ಲಿಗಾದರೂ ಹೊರಟಿದ್ದೀರಾ ಎಂದು ಕೇಳಿದೆ. ‘ವೈಕುಂಠ ಅಲ್ರೀ, ಬ್ಯಾಂಕು’ ಎಂದರು.

ವಿಷಯ ಇಷ್ಟು. ಮಗ ಕೆಲಸ ಮಾಡುತ್ತಿದ್ದ ಸಂಸ್ಥೆ ಮುಚ್ಚಿತು. ಕೆಲಸದ ಮೇಲೆ ಕೊಟ್ಟ ವೀಸಾ ಕೆಲಸದ ಜೊತೆಗೇ ಹೋಯಿತು. ಹೆಂಡತಿ ಅಲ್ಲಿಯವಳಲ್ಲವೇ, ಗಂಡನನ್ನು ಹೊರಗೆ ಹಾಕುತ್ತಾರೆಯೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಥಾಯ್ಲೆಂಡಿನ ಕಾನೂನಿನಲ್ಲಿ ಅಲ್ಲಿಯ ಹೆಣ್ಣನ್ನು ಮದುವೆಯಾದ ಮಾತ್ರಕ್ಕೆ ಗಂಡಿಗೆ ನೆಲೆಸುವ ಹಕ್ಕು ಬರುವುದಿಲ್ಲ. ಮೊದಲು 90 ದಿನದ ವೀಸಾ ತೆಗೆದುಕೊಂಡು ಒಳಗೆ ಹೋಗಬೇಕು, ಅದು ಮುಗಿಯುವ ಮುನ್ನ ವಲಸೆ ಕಚೇರಿಯಲ್ಲಿ ಒಂದು ವರ್ಷದ ವಿಸ್ತರಣೆ ಕೇಳಬೇಕು. ಹಾಗೆ ಕೇಳುವಾಗ ತಿಂಗಳಿಗೆ 40,000 ಬಾತ್ ವರಮಾನ ತೋರಿಸಬೇಕು. ಇಲ್ಲವೆಂದರೆ ಅಲ್ಲಿಯ ಬ್ಯಾಂಕಿನಲ್ಲಿ, ಗಂಡನ ಹೆಸರಿನಲ್ಲಿಯೇ, 4 ಲಕ್ಷ ಬಾತ್ ಕಡಿಮೆಯೆಂದರೆ ಎರಡು ತಿಂಗಳಿಂದ ಕುಳಿತಿರಬೇಕು. ಥಾಯ್ ಗಂಡನ್ನು ಮದುವೆಯಾದ ಹೊರಗಿನ ಹೆಣ್ಣಿಗೆ ಈ ಹಣದ ನಿಬಂಧನೆ ಇಲ್ಲ. ಸಂಸಾರ ಸಾಕುವ ಭಾರ ಗಂಡಸಿನದು ಎಂಬ ಹಳೆಯ ಲೆಕ್ಕ ಅಲ್ಲಿಯೂ ಕಡತದೊಳಗೆ ಕೂತಿದೆ.

ಇದು ಸರ್ಕಾರಕ್ಕೆ ಕಟ್ಟುವ ಹಣವಲ್ಲ. ಸರ್ಕಾರಕ್ಕೆ ಕಟ್ಟುವುದು ಅರ್ಜಿಯ ಶುಲ್ಕ 1,900 ಬಾತ್ ಮಾತ್ರ. 4 ಲಕ್ಷ ಅವನದೇ, ಅವನ ಖಾತೆಯಲ್ಲೇ ಇರುತ್ತದೆ. ಆದರೆ ಅಲುಗಾಡಬಾರದು. ತೊಡಕು ಇರುವುದೇ ಇಲ್ಲಿ. ಮೇಷ್ಟ್ರು ಗಣಿತ ಹೇಳಿಕೊಟ್ಟವರು, ಬೆರಳು ಮಡಿಚಿ ಲೆಕ್ಕ ಹಾಕಿದರು. ಮಗ ಹೊಸ ವೀಸಾ ಪಡೆದು ಬ್ಯಾಂಕಾಕಿಗೆ ಇಳಿದದ್ದು ಡಿಸೆಂಬರ್ 12. ತೊಂಬತ್ತು ದಿನ ಮುಗಿಯುವುದು ಮಾರ್ಚ್ 11. ಅದರಲ್ಲಿ ಎರಡು ತಿಂಗಳು ಹಣ ಕುಳಿತಿರಬೇಕು ಅಂದರೆ ಜನವರಿ 10ರೊಳಗೆ ಅದು ಅಲ್ಲಿ ತಲುಪಬೇಕು. ‘ಒಂದು ದಿನ ತಪ್ಪಿದ್ರ ಹುಡುಗ ವಾಪಸ್ ಬಂದು ಮೊದಲಿಂದ ಸುರು ಮಾಡಬೇಕ್ರಿ.’ ಹೆಂಡತಿಗೆ ಆಗ ಆರು ತಿಂಗಳ ಬಸುರು.

ಮಗನ ಕೈಯಲ್ಲಿ ಉಳಿದಿದ್ದು 50 ಸಾವಿರ ಬಾತ್. ಉಳಿದ ಮೂರೂವರೆ ಲಕ್ಷಕ್ಕೆ, ಆಗಿನ ದರದಲ್ಲಿ ಬಾತಿಗೆ ಎರಡೂವರೆ ರೂಪಾಯಿ ಹಿಡಿದರೆ, ಬ್ಯಾಂಕಿನ ಖರ್ಚು ಸೇರಿ ಒಂಬತ್ತು ಲಕ್ಷ ಬೇಕು.

ಸಿರುಗುಪ್ಪದಂಥ ಊರಲ್ಲಿ ಒಂಬತ್ತು ಲಕ್ಷ ಇಲ್ಲವೆಂದಲ್ಲ. ಇಲ್ಲಿ ಅಕ್ಕಿ ಗಿರಣಿಗಳ ಹೊಗೆ ಕಾಣದ ದಿಕ್ಕಿಲ್ಲ. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಹರಿಯುವ ಸೀಮೆ ಇದು. ಮೇಲೆ ತುಂಗಭದ್ರಾ ಅಣೆಕಟ್ಟಿನ ನೀರು. ಆದರೆ ಈ ನೆಲದ ಹಣಕ್ಕೆ ಕುಳಿತು ರೂಢಿಯಿಲ್ಲ. ಗೊಬ್ಬರದ ಅಂಗಡಿಯಿಂದ ಉದ್ರಿಗೆ ಬಂದದ್ದು ಗದ್ದೆಗೆ, ಗದ್ದೆಯಿಂದ ಗಿರಣಿಗೆ, ಗಿರಣಿಯಿಂದ ಮತ್ತೆ ಗೊಬ್ಬರದ ಅಂಗಡಿಗೆ. ಮೇಷ್ಟ್ರ ನಾಲ್ಕು ಎಕರೆಗೆ ಆ ವರ್ಷ ಎಕರೆಗೆ 35 ಚೀಲದಂತೆ 140 ಚೀಲ. ಚೀಲಕ್ಕೆ 75 ಕೆ.ಜಿ., ಅಂದರೆ 105 ಕ್ವಿಂಟಲ್. 2024-25ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,300 ರೂಪಾಯಿ. ಆ ಲೆಕ್ಕದಲ್ಲಿ 2,41,500. ನಾಟಿ, ಗೊಬ್ಬರ, ಔಷಧಿ, ಕೊಯ್ಲು ಯಂತ್ರದ ಬಾಡಿಗೆ ಕಳೆದರೆ ಉಳಿದದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಅದೂ ಉಳಿಯುತ್ತದೆಂಬ ನಂಬಿಕೆ ಆಗಸ್ಟ್ 10ರಂದು ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಹೋಗಿತ್ತು. ಒಂದೇ ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿ ನೀರು ತಡೆದದ್ದರಿಂದ ಬೆಳೆ ಕೈಗೆ ಬಂತು.

ಮರುದಿನ ಸೋಮವಾರ ಎಳ್ಳ ಅಮಾವಾಸ್ಯೆ. ಬ್ಯಾಂಕು ತೆರೆದಿತ್ತು, ಆದರೆ ಅಮಾವಾಸ್ಯೆಯ ದಿನ ಮನೆಯಿಂದ ದುಡ್ಡು ಹೊರಗೆ ಕಳಿಸಲು ಮೇಷ್ಟ್ರ ಮನೆಯಾಕೆ ಒಪ್ಪಲಿಲ್ಲ. ಎಲ್ಲರೂ ಎರೆಹೊಲಕ್ಕೆ ಹೋದೆವು. ಜೋಳ ಎದೆಮಟ್ಟ ನಿಂತಿತ್ತು. ಮೇಷ್ಟ್ರು ಹೊಲದ ಸುತ್ತ ಚರಗ ಚೆಲ್ಲಿ ಬಂದರು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ನೆರಳಲ್ಲಿ ಕುಳಿತು ಉಂಡೆವು. ಊಟದ ನಡುವೆ ಆಕೆ ತಾವಾಗಿಯೇ ಬಳೆ ಬಿಚ್ಚಿ ಗಂಡನ ಮುಂದಿಟ್ಟು, ‘ಇವನ್ನ ಅಡ ಇಡ್ರಿ, ಮಾರಬ್ಯಾಡ್ರಿ’ ಎಂದರು. ಮೇಷ್ಟ್ರು ತಲೆ ಎತ್ತಲಿಲ್ಲ. ನಾನು ಜೋಳದ ತೆನೆ ನೋಡುವವನಂತೆ ಆ ಕಡೆ ತಿರುಗಿದೆ.

ಸಂಜೆ ಬಳ್ಳಾರಿಯ ದಾರಿ ಹಿಡಿದು, ನಡುವೆ ಪಶ್ಚಿಮಕ್ಕೆ ಹೊರಳಿ ಕುರುಗೋಡಿಗೆ ಹೋದೆವು. ಅಲ್ಲಿ ಮೇಷ್ಟ್ರ ಹೆಂಡತಿಯ ತಮ್ಮ ಇದ್ದಾರೆ. ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದರು ಆಳಿದ ಊರು. ಬೆಟ್ಟದ ಬುಡದಲ್ಲಿ ಹಳೆಯ ಗುಡಿಗಳ ಸಾಲು, ದೊಡ್ಡ ಬಸವೇಶ್ವರನ ಗುಡಿಯೊಳಗೆ ಆಳೆತ್ತರ ಮೀರಿದ ಏಕಶಿಲೆಯ ಬಸವಣ್ಣ. ಮುಂದೆ ನಿಂತರೆ ಕತ್ತು ಮೇಲೆತ್ತಿಯೇ ನೋಡಬೇಕು. ಶಾಲಾ ಪ್ರವಾಸದವರು ಹಂಪಿಗೆ ಹೋಗುವಾಗ ಇಲ್ಲೊಂದು ಗಂಟೆ ಇಳಿದರೆ ನಷ್ಟವಿಲ್ಲ.

ಮೈದುನ ಮೆಣಸಿನಕಾಯಿ ಬೆಳೆಗಾರ. ‘ಮಾವಾರ, ಕಾಯಿ ಇನ್ನೂ ಗಿಡದಾಗ ಐತಿ, ಎಲ್ಲಿಂದ ತರ್ಲಿ?’ ಎಂದು ಸುರು ಮಾಡಿದ. ಆದರೆ ಮಗಳಿಗೆಂದು ತೆಗೆದಿಟ್ಟ ಹಣವಿತ್ತು. ಆ ಹುಡುಗಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು, ಜರ್ಮನಿಗೆ ಎಂ.ಎಸ್. ಮಾಡಲು ಹೋಗುವವಳು. ಅಲ್ಲಿಯ ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಮುಂಚೆಯೇ ವಿಶೇಷ ಖಾತೆಯಲ್ಲಿ ಕಟ್ಟಿಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಕಾಲೇಜಿನ ಹತ್ತಿರ ಯಾರೋ ಒಬ್ಬ ಏಜೆಂಟ್ ಆಕೆಗೆ ಬೇರೆಯೇ ಉಪಾಯ ಹೇಳಿಕೊಟ್ಟಿದ್ದ. ಜರ್ಮನಿ ಬಿಡು, ಬ್ರಿಟನ್ನಿಗೆ ಹೋಗು, ಅಲ್ಲಿ ಹಣ 28 ದಿನ ಖಾತೆಯಲ್ಲಿದ್ದರೆ ಸಾಕು, ಆ 28 ದಿನಕ್ಕೆ ನಾವೇ ಹಣ ಹಾಕುತ್ತೇವೆ, ಬಡ್ಡಿ ಕೊಡು, ಕಾಗದ ನಾವು ನೋಡಿಕೊಳ್ಳುತ್ತೇವೆ ಎಂದು.

ಮೇಷ್ಟ್ರು ರೇಗಿದರು. 28 ದಿನದ ನಿಯಮವೇನೋ ನಿಜ. ಆದರೆ ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದವರಿಗೆ ಬ್ರಿಟನ್ ಹತ್ತು ವರ್ಷ ಬಾಗಿಲು ಹಾಕುತ್ತದೆ. ಸಿಕ್ಕಿಬೀಳದೆ ಹೋದರೂ, ತೋರಿಸಿದ ಹಣ ಇಲ್ಲದೆ ಪರದೇಶದಲ್ಲಿ ಬಾಡಿಗೆ ಕಟ್ಟಬೇಕಾದವಳು ಅವಳೇ ಹೊರತು ಏಜೆಂಟನಲ್ಲ. ಹುಡುಗಿ ಜಾಣೆ, ಆಗಲೇ ಅವನನ್ನು ಬಿಟ್ಟಿದ್ದಳು.

ಕೊನೆಗೆ ಆಕೆಯೇ ದಾರಿ ತೋರಿಸಿದಳು. ಅವಳ ಹಣ ಬೇಕಾಗುವುದು ಬೇಸಿಗೆ ಕಳೆದ ಮೇಲೆ. ಅಣ್ಣನಿಗೆ ಬೇಕಾದದ್ದು ಚಳಿಗಾಲದಲ್ಲಿ. ‘ಏಪ್ರಿಲ್ ಕೊನೇಗೆ ವಾಪಸ್ ಕೊಡ್ಲಿ ಮಾವ.’ ಎರಡು ಲಕ್ಷ ಮೂವತ್ತು ಸಾವಿರಕ್ಕೆ ಮಾತಾಯಿತು. ಏಜೆಂಟನ ಹಣಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಇಲ್ಲಿ ಸುಳ್ಳು ಕಾಗದವಿಲ್ಲ, ಅದು ದೊಡ್ಡ ವ್ಯತ್ಯಾಸವೇ. ಆದರೂ ನಮ್ಮಲ್ಲಿ ಬಂಧುತ್ವ ಎಂಬುದಕ್ಕೆ ಯಾವ ವಲಸೆ ಕಚೇರಿಯ ಅರ್ಜಿಯಲ್ಲೂ ಕಾಲಂ ಇಲ್ಲ. ಕಾಗದದ ಮೇಲೆ ಮೇಷ್ಟ್ರ ಮಗ ಒಬ್ಬಂಟಿ ಸಾಹುಕಾರ.

ಮಂಗಳವಾರ ಬಳ್ಳಾರಿ. ನಿವೃತ್ತಿಯ ಠೇವಣಿ ನಾಲ್ಕು ಲಕ್ಷ, ಅವಧಿಗೆ ಮುನ್ನ ಒಡೆಸಿದ್ದಕ್ಕೆ ಬಡ್ಡಿಯಲ್ಲಿ ಕಡಿತ. ಬಳೆಗಳ ಮೇಲೆ ಒಂದೂವರೆ ಲಕ್ಷ. ಭತ್ತದ್ದು, ಮೈದುನನದ್ದು. ಒಂಬತ್ತು ಲಕ್ಷ ತುಂಬಿತು. ಹೊರದೇಶಕ್ಕೆ ಹಣ ಕಳಿಸುವುದು ಈಗ ಮೊದಲಿನಷ್ಟು ಕಷ್ಟವಲ್ಲ. 2004ರಲ್ಲಿ ರಿಸರ್ವ್ ಬ್ಯಾಂಕ್ ಉದಾರ ರವಾನೆ ಯೋಜನೆ ತಂದಾಗ ವರ್ಷಕ್ಕೆ 25 ಸಾವಿರ ಡಾಲರ್ ಮಿತಿ ಇತ್ತು, ಅದು ಎರಡೂವರೆ ಲಕ್ಷಕ್ಕೆ ಏರಿದೆ. ಪ್ಯಾನ್ ಬೇಕು, ಎ-2 ಎಂಬ ಅರ್ಜಿ ತುಂಬಬೇಕು. ಆದರೆ ಕೌಂಟರಿನ ಹುಡುಗಿ ಒಂದು ಮಾತು ಹೇಳಿದಳು. ಒಬ್ಬರೇ ವರ್ಷದಲ್ಲಿ ಏಳು ಲಕ್ಷ ದಾಟಿ ಕಳಿಸಿದರೆ, ಮೇಲಿನ ಹಣಕ್ಕೆ ನೂರಕ್ಕೆ ಇಪ್ಪತ್ತು ತೆರಿಗೆ ಹಿಡಿಯಬೇಕು. (ಈ ಮಿತಿ 2025ರ ಏಪ್ರಿಲ್‌ನಿಂದ ಹತ್ತು ಲಕ್ಷವಾಯಿತು.) ಎರಡು ಲಕ್ಷಕ್ಕೆ ನಲವತ್ತು ಸಾವಿರ! ರಿಟರ್ನ್ಸ್ ಸಲ್ಲಿಸಿ ಹೊಂದಿಸಿಕೊಳ್ಳಬಹುದು ನಿಜ, ಆದರೆ ಆ ದಿನಕ್ಕೆ ನಲವತ್ತು ಸಾವಿರ ಎಲ್ಲಿಂದ ತರುವುದು? ಮನೆಯಾಕೆಗೂ ಪ್ಯಾನ್ ಇತ್ತು, ಖಾತೆಯೂ ಇತ್ತು. ಐದು ಲಕ್ಷ ಅಪ್ಪನಿಂದ, ನಾಲ್ಕು ಲಕ್ಷ ಅಮ್ಮನಿಂದ ಹೋಯಿತು. ‘ಸಂಬಂಧ’ ಎಂಬ ಖಾನೆಯಲ್ಲಿ ಆಕೆ ಬಲು ನಿಧಾನವಾಗಿ ‘ತಾಯಿ’ ಎಂದು ಬರೆದರು.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ, ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಏಳು ವರ್ಷ ಸುತ್ತಾಡಿ ಒಬ್ಬೊಬ್ಬ ರೈತನ ಹೊಲ ಅಳೆಸಿ ಕಂದಾಯ ಕಟ್ಟಿದ. ಬ್ಯಾಂಕಿನಿಂದ ಹೊರಬಂದು ಕೋಟೆಯ ಕಡೆ ನೋಡಿದಾಗ ಅದು ನೆನಪಾಯಿತು. ರೈತನ ಹತ್ತಿರ ಏನಿದೆಯೆಂದು ತಿಳಿಯಲು ಅವನಾದರೂ ಹೊಲಕ್ಕೆ ಬಂದಿದ್ದ.

ವಗ್ಗರಣಿ, ಮಿರ್ಚಿ ತಿಂದು ಅವರನ್ನು ಸಿರುಗುಪ್ಪದ ಬಸ್ಸು ಹತ್ತಿಸಿದೆ. ಹಣ ಜನವರಿ 3ಕ್ಕೆ ಮುಟ್ಟಿತು. ಮಾರ್ಚಿ ಮೊದಲ ವಾರ ಅರ್ಜಿ ಹೋಯಿತು. ಬ್ಯಾಂಕಿನ ಪತ್ರ, ಮದುವೆಯ ದಾಖಲೆ, ಮನೆಯ ದಾರಿಯ ನಕ್ಷೆ, ಗಂಡಹೆಂಡಿರು ಮನೆಯೊಳಗೆ ಇರುವ ಫೋಟೋಗಳು. ಮೊದಲು ಪರಿಶೀಲನೆಯ ಮುದ್ರೆ, ತಿಂಗಳಾದ ಮೇಲೆ ವರ್ಷದ ಮುದ್ರೆ. ಆ ಹೊತ್ತಿಗೆ ಮೊಮ್ಮಗಳು ಹುಟ್ಟಿದ್ದಳು. ಏಪ್ರಿಲ್ ಕೊನೆಗೆ ಕುರುಗೋಡಿನ ಹಣ ಕುರುಗೋಡಿಗೆ ಬಂತು. ಬಳೆ ಬಿಡಿಸಿಕೊಳ್ಳಲು ಇನ್ನೂ ಒಂದು ಬೆಳೆ ಹಿಡಿಯಿತು.

ಅರ್ಜಿಗೆ ಲಗತ್ತಿಸಿದ ಫೋಟೋಗಳಲ್ಲಿ ಒಂದನ್ನು ಮೇಷ್ಟ್ರು ನನಗೆ ತೋರಿಸಿದರು. ಬ್ಯಾಂಕಾಕಿನ ಸಣ್ಣ ಅಡುಗೆಮನೆ, ಬಸುರಿ ಸೊಸೆ ಕುಳಿತಿದ್ದಾಳೆ, ಮಗ ಪಕ್ಕದಲ್ಲಿ ನಿಂತಿದ್ದಾನೆ. ಹಿಂದಿನ ಗೋಡೆಯ ಮೇಲೆ ಕನ್ನಡದ ದೊಡ್ಡ ಅಕ್ಷರಗಳ ಕ್ಯಾಲೆಂಡರು, ಸಿರುಗುಪ್ಪದ ಅಕ್ಕಿ ಗಿರಣಿಯೊಂದರದು. ವಲಸೆ ಕಚೇರಿಯ ಅಧಿಕಾರಿ ಅದರ ಮೇಲೆ ಬೆರಳಿಟ್ಟು ಏನಿದು ಎಂದು ಕೇಳಿದಳಂತೆ. ನಮ್ಮ ಅತ್ತೆ ಮಾವ ಭತ್ತ ಹಾಕುವ ಗಿರಣಿ ಎಂದು ಸೊಸೆ ಹೇಳಿದಳಂತೆ. ಎಕರೆಗೆ ಎಷ್ಟು ಬರುತ್ತದೆ ಎಂದು ಆ ಅಧಿಕಾರಿ ಮತ್ತೆ ಕೇಳಿದಳಂತೆ. ಅವಳ ಅಪ್ಪನದೂ ಗದ್ದೆಯೇ.